ಕಣದಲ್ಲಿ ನಾನು ಮಾತಾಡದ ದಿನ

ನಾನು ಚಿಕ್ಕವಳಿದ್ದಾಗ ನನ್ನ ಬಾಯಿಗೆ ಬೀಗ ಹಾಕುವವರು ಊರಲ್ಲೇ ಯಾರೂ ಇರಲಿಲ್ಲ. ಬಾವಿಕಟ್ಟೆಯ ಸುದ್ದಿಯನ್ನು ಅಡುಗೆಮನೆಗೂ ಅಡುಗೆಮನೆಯ ಸುದ್ದಿಯನ್ನು ಬಾವಿಕಟ್ಟೆಗೂ ಸಾಗಿಸುವ ಕೆಲಸವನ್ನು ಯಾರೂ ಹೇಳದೆಯೇ ವಹಿಸಿಕೊಂಡಿದ್ದೆ. ಅಜ್ಜಿ ನನ್ನನ್ನು ಕರೆಯುತ್ತಿದ್ದುದೇ ‘ಬಾಯಿಬಡಿಕಿ’ ಎಂದು. ಹಾಗೆ ಕರೆದಾಗಲೆಲ್ಲ ಸೆರಗಿನ ಗಂಟು ಬಿಚ್ಚಿ ಒಂದು ಚೂರು ಬೆಲ್ಲ ಕೊಡುತ್ತಿದ್ದಳು, ಹಾಗಾಗಿ ನನಗದು ಬೈಗುಳ ಅನ್ನಿಸಿರಲೇ ಇಲ್ಲ. ಅಂಥ ನಾನು ಒಂದೇ ಒಂದು ದಿನ ಬಾಯಿ ಮುಚ್ಚಿ ನಿಂತೆ. ಮೊಮ್ಮಕ್ಕಳೇ, ನಿಮಗೆ ಹೇಳಬೇಕೆಂದು ಇಷ್ಟು ವರ್ಷ ಇಟ್ಟುಕೊಂಡಿದ್ದು ಆ ದಿನದ ಮಾತನ್ನೇ.

ಎಪ್ಪತ್ತರ ದಶಕ ಅದು. ನನಗೆ ಎಂಟು ವರ್ಷ. ನಮ್ಮೂರು ತ್ಯಾವಣಿಗೆಯ ಹತ್ತಿರ. ಚಾನಲ್, ಅಂದರೆ ನಾಲೆಯ ನೀರಿನಿಂದ ಭತ್ತ ಬೆಳೆಯುತ್ತಿದ್ದೆವು. ಕೊಯ್ಲು ಮುಗಿದ ಮೇಲೆ ಗದ್ದೆಯ ಮೂಲೆಯಲ್ಲಿ ನೆಲ ಕೆತ್ತಿ, ನೀರು ಚಿಮುಕಿಸಿ, ಸಗಣಿ ಸಾರಿಸಿ ಕಣ ಮಾಡುತ್ತಿದ್ದರು. ಎತ್ತುಗಳು ಸುತ್ತಿ ಸುತ್ತಿ ತುಳಿದು, ಗಾಳಿಗೆ ತೂರಿ, ಕೊನೆಗೆ ನಡುವೆ ಚಿನ್ನದ ಬಣ್ಣದ ರಾಶಿ ಬೀಳುತ್ತಿತ್ತು. ಹಸಿ ಹುಲ್ಲು, ಸಗಣಿ, ಎತ್ತಿನ ಬೆವರು ಮೂರೂ ಬೆರೆತ ಆ ವಾಸನೆ ಈಗಲೂ ಮೂಗಿನಲ್ಲಿದೆ.

ರಾಶಿ ಅಳೆಯುವುದು ಅಂದರೆ ಪೂಜೆಯೇ. ಸುತ್ತ ಬೂದಿಯ ಗೆರೆ ಎಳೆದು, ರಾಶಿಯ ತಲೆಯ ಮೇಲೆ ಸಗಣಿಯ ಬೆನಕನನ್ನಿಟ್ಟು ತುಂಬೆಹೂ ಸಿಕ್ಕಿಸುತ್ತಿದ್ದರು. ಯಾರೂ ಚಪ್ಪಲಿ ಮೆಟ್ಟಿ ಕಣಕ್ಕೆ ಬರುವಂತಿಲ್ಲ. ಅಪ್ಪ ಕೊಳಗದಲ್ಲಿ ಭತ್ತ ತುಂಬಿ ಚೀಲಕ್ಕೆ ಸುರಿಯುವಾಗ ಮೊದಲನೆಯದಕ್ಕೆ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದ. ಅಲ್ಲಿಂದ ಮುಂದೆ ಅಪ್ಪನ ಎಣಿಕೆ ಬಿಟ್ಟು ಬೇರೆ ದನಿ ಏಳಬಾರದು. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ಅಜ್ಜಿ. “ರಾಶಿ ಅಂದ್ರೆ ಲಕ್ಷ್ಮಿ ಕುಂತಂಗೆ. ನಡುವೆ ಬಾಯಿ ಹಾಕಿದ್ರೆ ಎದ್ದು ಹೋಗ್ತಾಳೆ” ಅನ್ನುತ್ತಿದ್ದಳು.

ಅದರ ಹಿಂದಿನ ವರ್ಷ ನಾನು ತಡೆಯಲಾರದೆ ಅಳತೆಯ ಮಧ್ಯೆಯೇ “ಎಷ್ಟಾತಪ್ಪಾ?” ಅಂದುಬಿಟ್ಟಿದ್ದೆ. ಅಂದುಕೊಂಡಿದ್ದಕ್ಕಿಂತ ಎರಡು ಚೀಲ ಕಡಿಮೆ ಬಂತು. “ಆ ಎರಡು ಚೀಲ ನಮ್ಮ ಬಾಯಿಬಡಿಕಿ ನುಂಗಿದ್ಲು” ಎಂದು ಅಜ್ಜಿ ಬಂದವರಿಗೆಲ್ಲ ಹೇಳಿ ನಕ್ಕಿದ್ದಳು. ಎಲ್ಲರೂ ನಕ್ಕರು. ಅದನ್ನು ನಿಜವೆಂದು ನಂಬಿದವಳು ನಾನೊಬ್ಬಳೇ.

ಈ ಸಲ ಚಳಿ ಬೀಳುತ್ತಿದ್ದಂತೆ ಅಜ್ಜಿಯ ಉಬ್ಬಸ ಜೋರಾಯಿತು. ಸುಗ್ಗಿಯ ದೂಳು ಬೇರೆ. ತ್ಯಾವಣಿಗೆಯಿಂದ ಡಾಕ್ಟರು ಬಂದು ಸೂಜಿ ಹಾಕಿ ಹೋದರು. ಆಳುಗಳಿಗೆ ಬುತ್ತಿ ಕಟ್ಟುವುದು, ಅಜ್ಜಿಗೆ ಗಂಜಿ ಕುಡಿಸುವುದು, ಎರಡರ ನಡುವೆ ಅವ್ವನಿಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತಿರಲಿಲ್ಲ. ಅಕ್ಕ ಉಪ್ಪಿನ ಗಂಟು ಬಿಸಿ ಮಾಡಿ ಅಜ್ಜಿಯ ಬೆನ್ನಿಗೆ ಶಾಖ ಕೊಡುತ್ತಿದ್ದಳು. ಅಪ್ಪ ವಾರದಿಂದ ಕಣದಲ್ಲೇ ಇದ್ದ. ಅಷ್ಟು ಸಾಲದೆಂಬಂತೆ ಮೋಡ ಕವಿಯತೊಡಗಿತ್ತು. ರಾಶಿ ಮನೆ ಸೇರುವ ಮೊದಲು ಮಳೆ ಬಂದರೆ ವರ್ಷದ ಅನ್ನ ಕಣದಲ್ಲೇ ಮೊಳಕೆ ಒಡೆಯುತ್ತಿತ್ತು.

ಆ ದಿನ ಬೆಳಿಗ್ಗೆ ಅಜ್ಜಿ ಎರಡು ಗುಟುಕು ಗಂಜಿ ಕುಡಿದು, “ಇವತ್ತು ರಾಶಿ ಅಳೀತಾರೇನು?” ಎಂದು ಕೇಳಿದ್ದಳು. ಹೊತ್ತು ಏರುತ್ತಿದ್ದಂತೆ ಅವಳ ಉಸಿರಿನ ಸದ್ದೇ ಬದಲಾಯಿತು. ಅಕ್ಕ ಶಾಖ ಕೊಡುವುದನ್ನು ನಿಲ್ಲಿಸಿ ಅವ್ವನ ಮುಖ ನೋಡಿದಳು. ಅಜ್ಜಿ ನನ್ನ ಕೈ ಹಿಡಿದುಕೊಂಡು, “ನಿಮ್ಮಪ್ಪನ್ನ ಕರಿ. ಅವನ ಕೈಯಾಗೆ ಒಂದು ಗುಟುಕು ನೀರು ಕುಡೀಬೇಕು” ಅಂದಳು. ಪಕ್ಕದಲ್ಲೇ ತುಂಬಿದ ಚೊಂಬು ಇತ್ತು. ಅಕ್ಕ ಕೊಟ್ಟರೆ ಆಗದೇ, ಅದಕ್ಕೆ ಅಪ್ಪನೇ ಯಾಕೆ ಬೇಕು ಎಂದು ನನಗೆ ತಿಳಿಯಲಿಲ್ಲ. “ನಿಂತ್ಕಬ್ಯಾಡ, ಓಡು” ಎಂದು ಅವ್ವ ನನ್ನನ್ನು ಹೊಸಿಲ ಆಚೆ ತಳ್ಳಿದಳು.

ಚಾನಲ್ ಏರಿಯ ಮೇಲೆ ಓಡಿದೆ. ಮರೆತುಹೋಗದಿರಲೆಂದು ದಾರಿಯುದ್ದಕ್ಕೂ ಆ ಮಾತನ್ನೇ ಹೇಳಿಕೊಳ್ಳುತ್ತಿದ್ದೆ. ಕಣ ಕಾಣಿಸುವ ಹೊತ್ತಿಗೆ ಅಪ್ಪನ ದನಿ ಕೇಳಿಸಿತು.

“ಲಾಭ.”

ನನ್ನ ಕಾಲುಗಳು ಅಲ್ಲೇ ನಿಂತವು. ಇಬ್ಬರು ಆಳುಗಳು ಚೀಲದ ಬಾಯಿ ಹಿಡಿದಿದ್ದರು. ಅಪ್ಪ ತಲೆಗೆ ಟವೆಲ್ ಸುತ್ತಿ, ಮಂಡಿಯೂರಿ ಕೊಳಗ ತುಂಬುತ್ತಿದ್ದ. ನನ್ನನ್ನು ಕಂಡು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, ಅಲ್ಲಿ ಕೂತುಕೋ ಎಂದು ಕಣ್ಣಲ್ಲೇ ತೋರಿಸಿದ. ರಾಶಿ ನೋಡುವ ಆಸೆಗೆ ಓಡಿಬಂದಿದ್ದೇನೆ ಅಂದುಕೊಂಡಿರಬೇಕು.

ನಾನು ಕೂತೆ. ಬಿಸಿ ತುತ್ತು ಬಾಯಿಗಿಟ್ಟುಕೊಂಡವರಿಗೆ ನುಂಗಲೂ ಆಗದೆ ಉಗುಳಲೂ ಆಗದೆ ಹೇಗಾಗುತ್ತದೋ ಹಾಗಾಗಿತ್ತು. ಹೇಳಿಬಿಟ್ಟರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ಆಗ ಅಜ್ಜಿಯೇ ಬೈಯುತ್ತಾಳೆ, ಈ ಸಲ ಎಷ್ಟು ಚೀಲ ನುಂಗಿದೆ ಎಂದು ಕೇಳುತ್ತಾಳೆ. ಇನ್ನೇನು ಮುಗಿಯುತ್ತದೆ, ಮುಗಿದ ಕೂಡಲೇ ಹೇಳಿದರಾಯಿತು. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಇಪ್ಪತ್ತು ಕೊಳಗ ಆಗಿ ಒಂದು ಖಂಡುಗ ತುಂಬಿದ ಮೇಲೆ ಅಪ್ಪ ಮತ್ತೆ ‘ಲಾಭ’ದಿಂದ ಶುರು ಮಾಡಿದ. ಆಮೇಲೆ ಇನ್ನೊಂದು ಸಲ. ಆ ವರ್ಷ ರಾಶಿ ದೊಡ್ಡದಿತ್ತು. ಕರಗು, ಬೇಗ ಕರಗು ಎಂದು ನಾನು ಅದಕ್ಕೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಮೋಡದ ನೆರಳು ಬಿದ್ದಷ್ಟೂ ಅಪ್ಪ ರಾಶಿಯಿಂದ ಕಣ್ಣೆತ್ತದೆ ಅವಸರ ಮಾಡಿದ.

ಕೊನೆಯ ಕಾಳನ್ನೂ ಗುಡಿಸಿ ಚೀಲಕ್ಕೆ ಹಾಕಿ ಬಾಯಿ ಹೊಲಿದರು. ಅಪ್ಪ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿ ನಕ್ಕ. “ಈ ವರ್ಷ ನಮ್ಮ ಬಾಯಿಬಡಿಕಿ ಒಂದು ಕಾಳೂ ನುಂಗ್ಲಿಲ್ಲ, ನೋಡ್ರಪ್ಪಾ.” ಆಳುಗಳೂ ನಕ್ಕರು.

“ಅಜ್ಜಿ ಕರೀತಾಳೆ. ನಿನ್ನ ಕೈಯಾಗೆ ನೀರು ಕುಡೀಬೇಕಂತೆ” ಎಂದು ಒಂದೇ ಉಸಿರಿಗೆ ಹೇಳಿದೆ.

ಅಪ್ಪನ ಕೈಯಿಂದ ಕೊಳಗ ಜಾರಿ ಕಣದಲ್ಲಿ ಉರುಳಿತು. ಅವನ ಮುಖ ಹಾಗಾದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವನು ದಾರಿ ಹಿಡಿಯಲಿಲ್ಲ, ಕೊಯ್ದ ಭತ್ತದ ಕೂಳೆಗಳ ಮೇಲೆ ಬರಿಗಾಲಲ್ಲಿ ನೇರವಾಗಿ ಓಡಿದ. ನಾನು ಹಿಂದಿನಿಂದ ಓಡಿದೆ.

ಮನೆ ಮುಂದೆ ನಾಲ್ಕಾರು ಜನ ನಿಂತಿದ್ದರು. ನಾನು ಅವರ ನಡುವೆ ನುಸುಳಿ ಒಳಗೆ ನೋಡಿದೆ. ವಾರದಿಂದ ಮಲಗೇ ಇದ್ದ ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು! ಹಣೆತುಂಬ ವಿಭೂತಿ, ಮೈಮೇಲೆ ಹಸಿರು ಇಳಕಲ್ ಸೀರೆ. ಉಬ್ಬಸದ ಸದ್ದೂ ಇರಲಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು. “ಅಪ್ಪಾ, ಅಜ್ಜಿ ಎದ್ದು ಕುಂತಾಳೆ!” ಎಂದು ಕೂಗಿದೆ.

ಅಕ್ಕ ಬಂದು ನನ್ನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ಗೊತ್ತಾದ ಮೇಲೂ ಅಳು ಬರಲಿಲ್ಲ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಮಾತ್ರ ಇತ್ತು.

“ಆಗ್ಲೇ ಕಳಿಸಿದ್ನಲ್ಲೇ, ಎಲ್ಲಿಗೆ ಹಾಳಾಗಿ ಹೋಗಿದ್ದೆ?” ಎಂದು ಅವ್ವ ಕೇಳಿದಳು.

“ರಾಶಿ ಅಳೀತಿದ್ರು. ಮಾತಾಡಬಾರ್ದಲ್ಲ” ಅಂದೆ.

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಅಜ್ಜಿಯ ಮುಂದೆ ಕುಸಿದು ಕೂತಿದ್ದ. ಪಾದದಿಂದ ರಕ್ತ ಸೋರುತ್ತಿತ್ತು. ಈಗ ನನಗೆ ಹೊಡೆಯುತ್ತಾನೆ ಅಂದುಕೊಂಡೆ, ಹೊಡೆಯಲಿ ಅಂತಲೂ ಅಂದುಕೊಂಡೆ. ಅವನು ಕೈ ನೀಡಿ ನನ್ನನ್ನು ಹತ್ತಿರ ಎಳೆದುಕೊಂಡ. “ನಿನ್ನ ಮುಖ ನೋಡಿದ್ದೆ ತಾಯಿ. ಏನೋ ಐತೆ ಅಂತ ಅನ್ನಿಸ್ತು. ಸುಮ್ನಿರು ಅಂದೋನು ನಾನೇ” ಅಂದ. ಆಮೇಲೆ ಚೊಂಬಿನಿಂದ ಅಂಗೈಗೆ ನೀರು ಹಾಕಿಕೊಂಡು ಅಜ್ಜಿಯ ತುಟಿಗೆ ಹಿಡಿದ. ನೀರು ಗಲ್ಲದ ಮೇಲಿಂದ ಇಳಿದು ಸೀರೆಗೆ ಹೋಯಿತು. ಆಗ ನಾನು ಅತ್ತೆ. ಮಳೆ ಶುರುವಾಗಿದ್ದು ಸಂಜೆಗೆ. ಅಷ್ಟರಲ್ಲಿ ಆಳುಗಳು ಚೀಲಗಳನ್ನು ಗಾಡಿಯಲ್ಲಿ ತಂದು ಒಳಗಿಟ್ಟಿದ್ದರು. ಒಂದು ಕಾಳೂ ನೆನೆಯಲಿಲ್ಲ.

ಆಮೇಲೆ ನಾನು ಎಷ್ಟೋ ದಿನ ಬೇಕಾದಷ್ಟೇ ಮಾತಾಡುತ್ತಿದ್ದೆ. ಬಾಯಿಬಡಿಕಿ ಎಂದು ಕರೆಯುವವರೂ ಇರಲಿಲ್ಲ. ಮುಂದಿನ ವರ್ಷ ಸುಗ್ಗಿಯಲ್ಲಿ ಅಪ್ಪ ನನ್ನನ್ನು ಕಣಕ್ಕೆ ಕರೆದುಕೊಂಡು ಹೋದ. ಬೂದಿ ಗೆರೆ, ಬೆನಕ, ತುಂಬೆಹೂ ಎಲ್ಲ ಇತ್ತು. ಕೊಳಗ ಕೈಗೆತ್ತಿಕೊಂಡವನು ಅದನ್ನು ಕೆಳಗಿಟ್ಟು, ನನ್ನನ್ನು ರಾಶಿಯ ಪಕ್ಕದಲ್ಲೇ ಕೂರಿಸಿಕೊಂಡ. “ನಡುವೆ ಏನಾರ ಅನ್ನಿಸಿದ್ರೆ ಹೇಳಿಬಿಡು. ಲಕ್ಷ್ಮಿ ಎಲ್ಲಿಗೂ ಹೋಗಲ್ಲ” ಅಂದ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಏನೂ ಹೇಳಲಿಲ್ಲ. ಆದರೆ ಹೇಳಬಹುದಿತ್ತು.

ಈಗ ನಮ್ಮ ಗದ್ದೆಗೆ ಮಿಷನ್ ಬರುತ್ತದೆ. ನೀವು ಮೊಬೈಲ್ ನೋಡಿ ಮುಗಿಸುವಷ್ಟರಲ್ಲಿ ಕೊಯ್ದು, ಭತ್ತ ಬೇರೆ ಮಾಡಿ, ಟ್ರಾಕ್ಟರಿಗೆ ಸುರಿದು ಹೋಗುತ್ತದೆ. ಕಣವೂ ಇಲ್ಲ, ‘ಲಾಭ’ ಅನ್ನುವವರೂ ಇಲ್ಲ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೆಂದರೆ ಒಂದು ಫೋನು ಸಾಕು, ಯಾವ ಮಗುವೂ ಏರಿಯ ಮೇಲೆ ಓಡಬೇಕಿಲ್ಲ. ನನಗೆ ಅದು ಸಂತೋಷವೇ. ಆದರೂ ದೊಡ್ಡವರು ಮಾತಾಡುವಾಗ ನೀವು ಅಡ್ಡ ಬಂದರೆ “ಶ್, ಸುಮ್ನಿರಿ” ಎಂದು ಬೆರಳಿಡುವ ಅಭ್ಯಾಸ ನಮ್ಮ ಮನೆಯಲ್ಲೂ ಹೋಗಿಲ್ಲ. ನಾನು ಪೂಜೆಗೆ ಕೂತಿರುವಾಗ ನೀವು ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತರೆ, ನಾನು ಗಂಟೆ ಕೆಳಗಿಟ್ಟು ಏನಾಯಿತೆಂದು ಕೇಳುತ್ತೇನಲ್ಲ, ಈ ನಿಮ್ಮ ಅಜ್ಜಿಗೆ ಭಕ್ತಿ ಕಡಿಮೆ ಎಂದು ನಿಮ್ಮಮ್ಮ ನಗುತ್ತಾಳೆ. ನಗಲಿ ಬಿಡಿ. ಹೆಚ್ಚೆಂದರೆ ಪೆನ್ಸಿಲ್ ಕಳೆದಿರುತ್ತದೆ, ಇಲ್ಲವೇ ಬೆಕ್ಕು ಹಾಲು ಕುಡಿದಿರುತ್ತದೆ. ಆದರೂ ದೇವರು ಸ್ವಲ್ಪ ಹೊತ್ತು ಕಾಯಲಿ, ಮೊದಲು ನೀವು ಹೇಳಿ.