ಹಿಮ್ಮಡಿಯಿಂದ ಸ್ಟೇಟ್ ಬ್ಯಾಂಕ್‌ವರೆಗೆ

ಕಳೆದ ವಾರ ಸುರತ್ಕಲ್ ಕಡೆಯಿಂದ ಬರುವ ಬಸ್ಸಿನಲ್ಲಿ ಕೂರಲು ಜಾಗ ಸಿಗದೆ, ಮುಂದುಗಡೆ ಡ್ರೈವರನ ಪಕ್ಕದ ಕಂಬ ಹಿಡಿದು ನಿಂತಿದ್ದೆ. ಎಂಜಿನ್ ಪೆಟ್ಟಿಗೆಗೆ ಹೊದಿಸಿದ ರೆಕ್ಸಿನ್ ಕಾದಿತ್ತು. ಅದರ ವಾಸನೆಗೆ ಗಾಜಿನ ಕೆಳಗೆ ಸಿಕ್ಕಿಸಿದ ಊದುಬತ್ತಿಯ ಹೊಗೆ ಬೆರೆತಿತ್ತು. ಇದ್ದಕ್ಕಿದ್ದಂತೆ ಪಕ್ಕದ ಮನೆಯ ಡ್ರೈವರಣ್ಣ ನೆನಪಾದರು. ವಿಚಿತ್ರವೆಂದರೆ, ಅವರು ಓಡಿಸಿದ ಬಸ್ಸಿನಲ್ಲಿ ನಾನು ಒಮ್ಮೆಯೂ ಪ್ರಯಾಣ ಮಾಡಿದವನಲ್ಲ. ನಮ್ಮ ಪರಿಚಯ ಬೆಳೆಯುವ ಹೊತ್ತಿಗೆ ಅವರು ಕೆಲಸ ಬಿಟ್ಟು ವರ್ಷಗಳಾಗಿದ್ದವು. ಹಾಗಾದರೆ ಈ ವಾಸನೆಗೂ ಅವರಿಗೂ ಎಲ್ಲಿಯ ಸಂಬಂಧ? ನೆನಪು ತನಗೆ ಬೇಕಾದ ಹಾಗೆ ತೇಪೆ ಹಾಕುತ್ತದೆ. ನಾನು ಓದಿದ್ದು ಸ್ಟ್ಯಾಟಿಸ್ಟಿಕ್ಸ್, ಕಲಿಸುವುದೂ ಅದನ್ನೇ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿರುವುದೆಲ್ಲ ಹೀಗೆಯೇ ನಡೆಯಿತೆಂದು ನಾನು ಆಣೆ ಮಾಡಲಾರೆ.

ಏಳು ವರ್ಷದ ಹಿಂದಿನ ಏಪ್ರಿಲ್. ಮಂಗಳೂರಿನ ಶಕ್ತಿನಗರದಲ್ಲಿ ಮಾಳಿಗೆಯ ಮೇಲಿನ ಬಾಡಿಗೆ ಮನೆ, ನಾನು ಮತ್ತು ಅಮ್ಮ. ಉತ್ತರ ಪತ್ರಿಕೆಗಳ ಕಟ್ಟು ಎತ್ತಲು ಬಗ್ಗಿದವನು ನೆಟ್ಟಗೆ ಏಳಲೇ ಇಲ್ಲ. ಸೊಂಟದ ಕೆಳಗಿನ ಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ಕಾಲಿಗೆ ಇಳಿಯುವ ನರವನ್ನು ಒತ್ತುತ್ತಿದೆ ಎಂದು ಸ್ಕ್ಯಾನಿಂಗ್ ವರದಿ ಹೇಳಿತು. ಸಯಾಟಿಕಾ. ಕುಂಡೆಯಿಂದ ಹಿಮ್ಮಡಿಯವರೆಗೆ ಯಾರೋ ಕಾದ ತಂತಿ ಎಳೆದ ಹಾಗೆ. ಕಾಲೇಜಿನಲ್ಲಿ ನನ್ನದು ತಾತ್ಕಾಲಿಕ ಹುದ್ದೆ, ಪ್ರತಿ ಜೂನ್‌ನಲ್ಲಿ ಹೊಸ ಆದೇಶ ಬರಬೇಕು. ಪ್ರಿನ್ಸಿಪಾಲರು ಫೋನಿನಲ್ಲಿ ಬಹಳ ಮೃದುವಾಗಿ ಹೇಳಿದರು: "ನಿಂತು ಪಾಠ ಮಾಡ್ಲಿಕ್ಕೆ ಆಗ್ತದಾ ನೋಡಿ. ಆಗದಿದ್ರೆ ನಾವು ಬೇರೆಯವರನ್ನು ನೋಡ್ಬೇಕಾಗ್ತದೆ." ನನ್ನ ಕೈಯಲ್ಲಿದ್ದದ್ದು ಎರಡು ತಿಂಗಳು.

ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಒಂದು ಹಾಳೆ ಕೊಟ್ಟು, ಮಲಗಿರಬೇಡಿ, ತಡೆಯುವಷ್ಟು ನಡೆಯಿರಿ ಎಂದರು. ಪಾದ ಎತ್ತಲು ಆಗದಿದ್ದರೆ, ಮೂತ್ರದ ಹತೋಟಿ ತಪ್ಪಿದರೆ ಆ ಕ್ಷಣವೇ ಬನ್ನಿ ಎಂದೂ ಎಚ್ಚರಿಸಿದರು. ಅಮ್ಮನದು ಬೇರೆ ಚಿಕಿತ್ಸೆ. ಮಂಚದಿಂದ ಹಾಸಿಗೆ ತೆಗೆದು ಹಲಗೆ ಹಾಕಿದರು. "ಮಲಗು ಪುತಾ, ಎದ್ದರೆ ಇನ್ನೂ ಹಾಳಾಗ್ತದೆ" ಎಂದು ದಿನಕ್ಕೆ ಹತ್ತು ಸಲ. ನಾನು ಮಲಗಿದೆ. ಮಲಗಿಕೊಂಡು ಬೆನ್ನುನೋವಿನ ಬಗ್ಗೆ ಸಿಕ್ಕಿದ ಸಂಶೋಧನಾ ಲೇಖನಗಳನ್ನೆಲ್ಲ ಓದಿದೆ. ಮಲಗಬಾರದು ಎಂದೇ ಅವೂ ಹೇಳುತ್ತಿದ್ದವು.

ಒಂದು ಬೆಳಿಗ್ಗೆ ಹೇಗೋ ಮೆಟ್ಟಿಲಿಳಿದು ಗೇಟು ಹಿಡಿದು ನಿಂತಿದ್ದೆ. ಡ್ರೈವರಣ್ಣ ತಮ್ಮ ಅಂಗಳದಿಂದ ಕಂಡರು. ಅರುವತ್ತು ದಾಟಿದ ತೆಳ್ಳಗಿನ ಮನುಷ್ಯ, ಮಡಚಿ ಕಟ್ಟಿದ ಲುಂಗಿ. ನಾನು ನಿಂತ ಭಂಗಿಯಿಂದಲೇ ಅವರಿಗೆ ಗೊತ್ತಾಯಿತು.

"ಎಡಗಾಲಾ ಮಾಷ್ಟ್ರೇ?"

"ಹೌದು."

"ನನ್ನದು ಬಲ. ಕ್ಲಚ್ಚಿನದ್ದು ನಿಮಗೆ, ಬ್ರೇಕಿನದ್ದು ನನಗೆ. ಬನ್ನಿ, ಆ ಕರೆಂಟ್ ಕಂಬದವರೆಗೆ ಹೋಗಿ ಬರುವ."

ನನ್ನ ನೆನಪಿನಲ್ಲಿ ಅವರು ಕನ್ನಡ ಮಾತಾಡುತ್ತಾರೆ. ನಿಜವಾಗಿ ಅರ್ಧಕ್ಕರ್ಧ ತುಳುವೇ ಆಗಿರಬೇಕು. ಅವರ ಮನೆಮಾತು ತುಳು, ನಮ್ಮದು ಕೊಂಕಣಿ... ಯಾವ ಮಾತು ಯಾವ ಭಾಷೆಯಲ್ಲಿತ್ತೋ ಈಗ ಬಿಡಿಸಲಾಗದು. ಕಂಬದವರೆಗೆ ಹೋದದ್ದು ಮಾತ್ರ ಖಂಡಿತ, ಏಕೆಂದರೆ ಅದನ್ನು ಆಗ ಇಟ್ಟುಕೊಂಡಿದ್ದ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ: ಹೋಗುತ್ತ ನಲವತ್ತೆರಡು ಹೆಜ್ಜೆ, ಬರುತ್ತ ಐವತ್ತು.

ಅವರ ಕಥೆಯನ್ನು ಆ ನಡಿಗೆಗಳಲ್ಲಿ ತುಂಡುತುಂಡಾಗಿ ಕೇಳಿದೆ. ಸಿಟಿ ಬಸ್ಸು ಓಡಿಸುತ್ತಿದ್ದಾಗ ಅವರಿಗೂ ಇದೇ ಕಾಯಿಲೆ ಬಂದಿತ್ತು. ಇನ್ನು ಸ್ಟಿಯರಿಂಗ್ ಮುಟ್ಟಬೇಡ, ಆಫೀಸಿನಲ್ಲಿ ಕೂತು ಟ್ರಿಪ್ ಶೀಟು ಬರಿ ಎಂದು ಧಣಿ ಹೇಳಿದರಂತೆ. ಇವರು ಒಪ್ಪಲಿಲ್ಲ. ಕೆಲವು ತಿಂಗಳು ನಡೆದು, ವ್ಯಾಯಾಮ ಮಾಡಿ, ಡಾಕ್ಟರು ಒಪ್ಪಿದ ಮೇಲೆ ಮತ್ತೆ ಬಸ್ಸು ಹತ್ತಿದರು. ಅಂದಿನಿಂದ ಒಂದು ಕ್ರಮ ಇಟ್ಟುಕೊಂಡರು. ಪ್ರತಿ ಟ್ರಿಪ್ಪು ಮುಗಿದಾಗ ಉಳಿದವರು ಚಹಾಕ್ಕೆ ಹೋದರೆ ಇವರು ಇಳಿದು ಬಸ್ಸಿಗೆ ಮೂರು ಸುತ್ತು ಬರುತ್ತಿದ್ದರು. ಕಂಡಕ್ಟರುಗಳು, ಬಸ್ಸನ್ನೇ ದೇವರೆಂದು ಪ್ರದಕ್ಷಿಣೆ ಹಾಕುತ್ತಾನೆ ಎಂದು ನಗುತ್ತಿದ್ದರಂತೆ. "ನಗಲಿ. ಅವರ ಸೊಂಟವಾ?" ಎಂದರು ಡ್ರೈವರಣ್ಣ.

ನನ್ನ ಪುಸ್ತಕದಲ್ಲಿ ದಿನವೂ ಹೆಜ್ಜೆಗಳ ಲೆಕ್ಕ, ಹತ್ತರಲ್ಲಿ ಎಷ್ಟು ನೋವು ಎಂಬ ಅಂಕ. ಒಮ್ಮೆ ಅವರು ಅದನ್ನು ಇಸಿದುಕೊಂಡು ನೋಡಿದರು. ಆರು, ಏಳು, ಆರು, ಆರು.

"ಎಂತ ಮಾಷ್ಟ್ರೇ, ದಿನಾ ಫಸ್ಟ್ ಕ್ಲಾಸು. ಎಷ್ಟು ಅಂತ ಬರೆದರೆ ಸಾಕಾ? ಎಲ್ಲಿ ಉಂಟು ಅಂತ ಬೇಡವಾ?"

ಹಾಗೆ ಶುರುವಾಯಿತು ನಮ್ಮ ರೂಟು, ಅವರ ಬಸ್ಸಿನ ಸ್ಟಾಪುಗಳ ಹೆಸರಿನಲ್ಲಿ ನನ್ನ ಕಾಲು. ಹಿಮ್ಮಡಿ ಕಾಟಿಪಳ್ಳ. ಮೀನಖಂಡ ಪಣಂಬೂರು. ಮೊಣಕಾಲು ಕೂಳೂರು ಸೇತುವೆ. ತೊಡೆ ಕೊಟ್ಟಾರ, ಕುಂಡೆ ಲಾಲ್‌ಬಾಗ್. ಸೊಂಟದ ಬೆನ್ನೆಲುಬು ಸ್ಟೇಟ್ ಬ್ಯಾಂಕ್, ಅಂದರೆ ಮಂಗಳೂರಿನ ಸಿಟಿ ಬಸ್ಸುಗಳೆಲ್ಲ ಕೊನೆಗೆ ಹೋಗಿ ನಿಲ್ಲುವ ಸ್ಟ್ಯಾಂಡು. ನೋವು ದೂರದ ಸ್ಟಾಪಿನಿಂದ ಸ್ಟ್ಯಾಂಡಿನ ಕಡೆಗೆ ಹಿಂದೆ ಬರುತ್ತ ಬರಬೇಕು, ಅದು ಗುಣವಾಗುವ ಲಕ್ಷಣ ಎಂದರು. ಈ ನಕ್ಷೆ ಅವರು ಮಾಡಿದ್ದೋ, ಅವರ ಮಾತು ಕೇಳಿ ನಾನು ಮಾಡಿದ್ದೋ ಗೊತ್ತಿಲ್ಲ. ಪುಸ್ತಕದಲ್ಲಿ 'ಕೂಳೂರು' ಎಂದು ಬರೆದ ಅಕ್ಷರ ನನ್ನದು. ಹಾಗೆಂದು ಮಾತು ನನ್ನದೆಂದು ಹೇಳಲಾಗದು.

ಮೇ ತಿಂಗಳಿಡೀ ಬೆಳಿಗ್ಗೆ ಗೇಟಿನ ಬಳಿ ಒಂದೇ ಪ್ರಶ್ನೆ. "ಎಲ್ಲಿವರೆಗೆ ಬಂತು?"

"ಕೂಳೂರು."

"ಇನ್ನೂ ಸೇತುವೆ ದಾಟ್ಲಿಲ್ವಾ? ಬ್ಲಾಕ್ ಉಂಟು ಕಾಣ್ತದೆ."

ಅಮ್ಮನಿಗೆ ಅವರ ಮೇಲೆ ಸಿಟ್ಟಿತ್ತು. ಬೇರೆಯವರ ಮಗನನ್ನು ಬಿಸಿಲಲ್ಲಿ ನಡೆಸುವವರಿಗೆ ಏನು ನಷ್ಟ ಎಂದು ಮಾಳಿಗೆಯಿಂದ ಕೇಳುವಂತೆಯೇ ಹೇಳುತ್ತಿದ್ದರು. ಡ್ರೈವರಣ್ಣ ತಲೆಯೆತ್ತಿ, "ಹೌದು ಅಮ್ಮ, ಈಗ ತಂದು ಬಿಡ್ತೇನೆ" ಎನ್ನುತ್ತ ನನ್ನನ್ನು ಇನ್ನೊಂದು ಕಂಬ ಮುಂದಕ್ಕೆ ಕರೆದೊಯ್ಯುತ್ತಿದ್ದರು.

ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ಏಳುವಾಗ ಸೊಂಟ ಉರಿಯುತ್ತಿತ್ತು. ಅಷ್ಟು ನೋವು ಸೊಂಟದಲ್ಲಿ ಮೊದಲ ದಿನವೂ ಇರಲಿಲ್ಲ. ಅಂಕ ಎಂಟು. ಮುಗಿಯಿತು, ನಡೆದು ನಡೆದು ಡಿಸ್ಕ್ ಪೂರ್ತಿ ಹಾಳು ಮಾಡಿಕೊಂಡೆ ಎಂದುಕೊಂಡೆ. ಹಲಗೆಗೆ ಮರಳಿದೆ. ಮೂರು ದಿನ ಗೇಟಿಗೆ ಇಳಿಯಲಿಲ್ಲ. ಮೂರನೆಯ ದಿನ ಪ್ರಿನ್ಸಿಪಾಲರಿಗೆ ಪತ್ರ ಬರೆದೆ: ನನ್ನ ಬದಲು ಬೇರೆಯವರನ್ನು ತೆಗೆದುಕೊಳ್ಳಿ. ಮೊಬೈಲಿನಲ್ಲಿ ಅಷ್ಟೂ ಟೈಪು ಮಾಡಿ, ಕಳಿಸುವ ಮುನ್ನ ಇನ್ನೊಮ್ಮೆ ಓದುತ್ತಿದ್ದೆ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು.

ಅವರು ನಮ್ಮ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ಸುಧಾರಿಸಿಕೊಂಡು ಕೇಳಿದರು, "ಕಾಲಲ್ಲಿ ಎಲ್ಲಿ ಉಂಟು?"

ಆ ಪ್ರಶ್ನೆ ಕೇಳುವವರೆಗೆ ನಾನದನ್ನು ಗಮನಿಸಿರಲಿಲ್ಲ. "ಕಾಲಲ್ಲಿ... ಇಲ್ಲ. ಎಲ್ಲ ಬೆನ್ನಿಗೇ ಬಂದಿದೆ."

ಅವರು ನಗತೊಡಗಿದರು. "ಬಸ್ಸು ಸ್ಟೇಟ್ ಬ್ಯಾಂಕಿಗೆ ಬಂದು ಮುಟ್ಟಿದೆ ಮಾರಾಯ್ರೆ. ಪ್ಯಾಸೆಂಜರು ಇಳಿಯುವುದು ಬಿಟ್ಟು ಸೀಟಿನಲ್ಲೇ ಮಲಗಿದ್ದಾರೆ."

ನನಗೆ ರೇಗಿತು. "ನೀವೇನು ಡಾಕ್ಟರಾ?"

"ಅಲ್ಲ. ಅವರತ್ರವೇ ಕೇಳಿ. ಕೇಳುವವರೆಗೆ ಸುಮ್ಮನೆ ಮಲಗ್ಬೇಡಿ."

ಅವರೆದುರೇ ಫಿಸಿಯೋಥೆರಪಿಸ್ಟಿಗೆ ಫೋನು ಮಾಡಿದೆ. ಪಾದ ಎತ್ತಲು ಆಗುತ್ತದೆಯೇ, ಮರಗಟ್ಟಿದೆಯೇ ಎಂದೆಲ್ಲ ಕೇಳಿ, ಹಾಗಾದರೆ ಇದು ಒಳ್ಳೆಯ ಗುರುತು ಎಂದರು. ಕಾಲಿನ ನೋವು ಹಿಂದೆ ಸರಿಯುವಾಗ ಬೆನ್ನು ಕೆಲವು ದಿನ ಹೆಚ್ಚು ನೋಯುವುದುಂಟು, ನಾನು ಕೊಟ್ಟ ಹಾಳೆಯ ಕೊನೆಯ ಸಾಲಿನಲ್ಲೇ ಇದೆಯಲ್ಲ ಎಂದರು. ಅಷ್ಟೊಂದು ಲೇಖನ ಓದಿದವನು ಆ ಒಂದು ಹಾಳೆಯನ್ನು ಕೊನೆಯವರೆಗೆ ಓದಿರಲಿಲ್ಲ. ಮೂರು ದಿನ ನಾನು ನಂಬಿದ್ದು ಅಂಕವನ್ನು, ಆರರಿಂದ ಎಂಟಕ್ಕೆ ಏರಿದ ಅಂಕವನ್ನು. ಪತ್ರ ಅಳಿಸಿ ಹಾಕಿ, ಅವರ ಭುಜ ಹಿಡಿದು ಮೆಟ್ಟಿಲಿಳಿದೆ. ನಾವು ತಿರುಗಿ ಬಂದಾಗ ಅಮ್ಮ ಇಬ್ಬರಿಗೂ ಚಹಾ ಮಾಡಿಟ್ಟಿದ್ದರು.

ಜೂನ್‌ನಲ್ಲಿ ಮೊದಲ ತರಗತಿ ಮುಗಿಸಿ ಬಂದ ಸಂಜೆ ಅವರು ರಸ್ತೆಯಲ್ಲೇ ಕಾದಿದ್ದರು.

"ಎಷ್ಟು ಹೊತ್ತು ನಿಂತಿರಿ?"

"ಒಂದು ಗಂಟೆ."

"ಮೇಜಿಗೆ ಒರಗಿದ್ರಾ?"

"ಎರಡು ಸಲ."

"ಇರ್ಲಿ. ಮೇಜು ಇರುವುದೇ ಅದಕ್ಕೆ."

ಎರಡು ವರ್ಷದ ಹಿಂದೆ ಡ್ರೈವರಣ್ಣ ಹೃದಯಾಘಾತದಿಂದ ತೀರಿಕೊಂಡರು. ಬೆನ್ನಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೂ ಅಂಗಳದಲ್ಲಿ ಸೇರಿದವರಲ್ಲಿ ಒಬ್ಬರು, "ಇಷ್ಟು ನಡೆದು ಎಂತ ಸಿಕ್ಕಿತು ಅವರಿಗೆ?" ಎಂದರು. ಸಾವಿನ ಮನೆಯಲ್ಲಿ ಜಗಳ ಆಡಬಾರದೆಂದು ಗೊತ್ತಿದ್ದೂ ನಾನು ಉತ್ತರ ಕೊಟ್ಟೆ. ಆಫೀಸಿನ ಕುರ್ಚಿಯಲ್ಲಿ ಕೂತು ಟ್ರಿಪ್ ಶೀಟು ಬರೆಯಬೇಕಾಗಿದ್ದ ಮನುಷ್ಯ ನಿವೃತ್ತಿಯ ದಿನದವರೆಗೆ ಬಸ್ಸು ಓಡಿಸಿದರು, ಸಿಕ್ಕಿದ್ದು ಅದು ಎಂದೆ. ಧ್ವನಿ ಸ್ವಲ್ಪ ಏರಿತ್ತು. ನೆನಪಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿ ನೋಡುತ್ತಾರೆ... ಬಹುಶಃ ಯಾರೂ ನೋಡಿರಲಿಲ್ಲ.

ಒಂದು ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ ಎಂದು ಈಗಲೂ ತರಗತಿಯಲ್ಲಿ ಹೇಳುತ್ತೇನೆ. ನಡೆಯದೆ ಇದ್ದಿದ್ದರೂ ನನಗೆ ಗುಣವಾಗುತ್ತಿತ್ತೇನೋ, ಹೆಚ್ಚಿನವರಿಗೆ ಕಾಲಕ್ರಮದಲ್ಲಿ ಆಗುತ್ತದೆ. ಆದರೆ ಆ ಪತ್ರ ಹೋಗಿಬಿಡುತ್ತಿತ್ತು. ಅದರಲ್ಲಿ ನನಗೆ ಸಂಶಯವಿಲ್ಲ.

ಈ ತಿಂಗಳು ಎಡಗಾಲಿನ ನೋವು ಮತ್ತೆ ಬಂದಿದೆ, ಮೊದಲಿನಷ್ಟಲ್ಲ. ನಾನು ಕುಂಟುವುದನ್ನು ಕಂಡ ಪ್ರಿನ್ಸಿಪಾಲರು, ಈಗ ಬೇರೆಯವರು, ತರಗತಿಗೆ ಕುಶನ್ ಇರುವ ಒಂದು ಕುರ್ಚಿ ಕಳಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದು. ಮಕ್ಕಳು ನೋಡುತ್ತಿದ್ದರು. ಅದನ್ನು ಗೋಡೆಗೆ ಸರಿಸಿ ಹಾಜರಿ ಪುಸ್ತಕವನ್ನು ಅದರ ಮೇಲಿಟ್ಟೆ. ಗಂಟೆ ಬಾರಿಸುವವರೆಗೆ ನಿಂತೇ ಪಾಠ ಮಾಡಿದೆ.

ಆ ಸಂಜೆ ನಮ್ಮ ರಸ್ತೆಯ ಏರಿನಲ್ಲಿ ಒಬ್ಬನೇ ನಡೆದೆ. ಡ್ರೈವರಣ್ಣನ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಗೇಟಿಗೆ ಹೊಸ ಬಣ್ಣ. ಅದರೆದುರು ನನ್ನ ಹೆಜ್ಜೆ ನಿಧಾನವಾಯಿತು. ನಿಲ್ಲಲಿಲ್ಲ.