ನೂರು ಮಾರು ಹೋಗಿ ನಿಲ್ಲು

ನನ್ನ ಗಂಡ ಆರ್ವಿಡ್ ಮೂವತ್ತೊಂದು ವರ್ಷ ಮೊಂಟಾನಾದ ನಮ್ಮ ಕಣಿವೆಯಿಂದ ಘಾಟಿಯಾಚೆಗೆ ದಿಮ್ಮಿ ಲಾರಿ ಓಡಿಸಿದ. ಒಮ್ಮೆಯೂ ಚರಂಡಿಗೆ ಇಳಿಸಲಿಲ್ಲ. ಆ ಜಂಬ ಅವನಿಗಿಂತ ನನಗೇ ಹೆಚ್ಚು. ಅದನ್ನು ಅವನೆದುರು ಹೇಳುವಷ್ಟು ದಡ್ಡಿ ನಾನಲ್ಲ.

ಲಾರಿ ಬಿಟ್ಟ ಮೇಲೂ ಚಟ ಬಿಡಲಿಲ್ಲ. ಪ್ರತಿ ನವೆಂಬರಿನ ಮೊದಲ ಭಾನುವಾರ, ಚರ್ಚಿನಿಂದ ಬಂದ ಬಟ್ಟೆಯಲ್ಲೇ, ಅಂಗಳದಲ್ಲಿ ನನ್ನ ಕೈಯಿಂದ ಪಿಕಪ್ಪಿನ ಚಕ್ರಗಳಿಗೆ, ಹಿಮದಲ್ಲಿ ಜಾರದಂತೆ ಸುತ್ತುವ ಸರಪಳಿ ಹಾಕಿಸುತ್ತಿದ್ದ. ದಪ್ಪ ಕೈಗವಸು ತೊಟ್ಟು, ಅದೂ ಕಣ್ಣು ಮುಚ್ಚಿ!

"ಹಿಮ ಬೀಸೋವಾಗ ಕಣ್ಣು ಕಾಣಲ್ಲ ಕಣೇ."

"ನಿನ್ನ ಕಟ್ಕೊಂಡಾಗ್ಲೇ ನಂಗೆ ಕಣ್ಣು ಕಾಣ್ತಿರ್ಲಿಲ್ಲ ಬಿಡು."

ಹಾಕಿದ ಮೇಲೆ ಇನ್ನೊಂದು ಕಾಟ. ಚಕ್ರ ಉರುಳಿದರೆ ಸರಪಳಿ ಸಡಿಲವಾಗುತ್ತದೆ, ಆದ್ದರಿಂದ ನೂರು ಮಾರು ಓಡಿಸಿ, ಇಳಿದು, ಮತ್ತೆ ಬಿಗಿಯಬೇಕು. ಅವನು ಒಳಗೆ ಹೋದದ್ದೇ ತಡ, ಆ ಕೆಲಸಕ್ಕೆ ನಾನು ಚಕ್ಕರ್ ಹೊಡೆಯುತ್ತಿದ್ದೆ.

ಹೋದ ಜನವರಿಯ ಒಂದು ಬೆಳಿಗ್ಗೆ ಅವನ ಕೈಯಿಂದ ಕಾಫಿ ಲೋಟ ಜಾರಿತು. ಎದೆ ಹಿಡಿದು ಕುಳಿತ, ಮುಖವೆಲ್ಲ ಬಿಳಿಚಿಕೊಂಡಿತ್ತು. ಆಸ್ಪತ್ರೆಗೆ ಫೋನ್ ಮಾಡಿದೆ. ಈ ಹಿಮಗಾಳಿಯಲ್ಲಿ ಹೆಲಿಕಾಪ್ಟರ್ ಹಾರುವುದಿಲ್ಲ, ಆಂಬುಲೆನ್ಸ್ ನಿಮ್ಮನೆ ಮುಟ್ಟಲು ಎರಡು ಗಂಟೆ ಬೇಕು, ನೀವೇ ಘಾಟಿ ಹತ್ತಿಳಿದು ಬಂದರೆ ಆಚೆ ಬುಡದಲ್ಲಿ ಕಾಯುತ್ತೇವೆ ಎಂದರು.

ಅವನನ್ನು ಪಿಕಪ್ಪಿಗೆ ಹತ್ತಿಸಿಕೊಂಡು ಬಂದು, ಏರು ಶುರುವಾಗುವ ಮೊದಲಿನ ಸಮತಟ್ಟಿನಲ್ಲಿ ಮಂಡಿಯೂರಿ ಸರಪಳಿ ಹಾಕಿದೆ. ಹತ್ತಿ ಕುಳಿತು ಹೊರಟೆ. ಪಕ್ಕದಲ್ಲಿ ಅವನ ಉಸಿರು ಸಿಕ್ಕಿಸಿಕ್ಕಿ ಬರುತ್ತಿತ್ತು.

"ನಿಲ್ಸು," ಎಂದ.

"ಸಾಯ್ತಾ ಇದ್ದೀಯ ಕಣೋ! ಈಗ ನಿಲ್ಲೋದಾ?"

"ನೂರು ಮಾರಾಯ್ತು. ನಿಲ್ಸು ಅಂದ್ನಲ್ಲ."

ಬಯ್ಯುತ್ತಲೇ ಇಳಿದೆ. ಬಲಚಕ್ರದ ಒಳಗಿನ ಕೊಕ್ಕೆ ಬಿಟ್ಟುಕೊಂಡು ಸರಪಳಿ ಅರ್ಧ ಜೋತಾಡುತ್ತಿತ್ತು. ಮುಂದಿನ ತಿರುವಿಗೆ ತಡೆಗೋಡೆಯಿಲ್ಲ, ಕೆಳಗೆ ಪಾತಾಳದಲ್ಲಿ ನದಿ. ಕೊಕ್ಕೆ ಸಿಕ್ಕಿಸಿ, ಬಿಗಿದು, ಬಾಯಿ ಮುಚ್ಚಿಕೊಂಡು ಬಂದು ಕುಳಿತೆ.

"ಎಳೆದು ನೋಡಿದ್ಯಾ?"

"ನೋಡ್ದೆ ಮಾರಾಯ. ನೀನು ಸುಮ್ನೆ ಉಸಿರಾಡು."

ಘಾಟಿಯುದ್ದಕ್ಕೂ, ಅವನು ಸದ್ದಿಲ್ಲದಾದಾಗಲೆಲ್ಲ ಮೊಣಕೈಯಿಂದ ತಿವಿದೆ. ಅವನು ಗೊಣಗಿದರೆ ನನಗೆ ಜೀವ ಬರುತ್ತಿತ್ತು. ಕೆಳಗೆ ಆಂಬುಲೆನ್ಸಿನವರು ಅವನನ್ನು ಎತ್ತಿಕೊಂಡರು. ಬಾ ಎಂದು ಬೆರಳಾಡಿಸಿದ. ನಲವತ್ತನಾಲ್ಕು ವರ್ಷದ ಸಂಸಾರ, ಒಂದು ಒಳ್ಳೆ ಮಾತು ಬರಬಹುದೆಂದು ಬಗ್ಗಿದೆ.

"ಇಲ್ಲಿಂದ ಮುಂದೆ ರಸ್ತೇಲಿ ಹಿಮ ಇಲ್ಲ. ಸರಪಳಿ ಬಿಚ್ಕೊಂಡು ಬಾ, ಸವೆದುಹೋಗುತ್ತೆ," ಎಂದ.

ರಸ್ತೆ ಬದಿಯಲ್ಲಿ ಕುಳಿತು, ಗೊಳೋ ಎಂದು ಅಳುತ್ತ ಎರಡನ್ನೂ ಬಿಚ್ಚಿದೆ.

ಆಮೇಲೆ ಏಪ್ರಿಲ್‌ವರೆಗೆ ಬದುಕಿದ್ದ.

ಈ ನವೆಂಬರಿನ ಮೊದಲ ಭಾನುವಾರ ಚರ್ಚಿನಿಂದ ಬಂದು ಕೈಗವಸು ತೊಟ್ಟೆ. ಕಣ್ಣು ಮುಚ್ಚಿಯೇ ಹಾಕಿದೆ. ನೂರು ಮಾರು ಓಡಿಸಿ ನಿಲ್ಲಿಸಿ ಇಳಿದೆ. ಸರಪಳಿ ಬಿಗಿಯಾಗಿಯೇ ಇತ್ತು. ಆದರೂ ಎಳೆದು ನೋಡಿದೆ.