ಹೊಳೆಯುವ ಎಲೆಗಳಿಗೆ ಕುಂಕುಮ

ಬಾರಾನಗರದ ಚನ್ನಮ್ಮನ ಮಗ ಮಾಧವನಿಗೆ ಮೂವತ್ತು ದಾಟಿದರೂ ಇಸ್ಪೀಟಿನ ಹುಚ್ಚು ಬಿಟ್ಟಿಲ್ಲವೆಂದು ಕಲ್ಕತ್ತೆಯ ಕನ್ನಡದವರು ಆಡಿಕೊಳ್ಳುತ್ತಿದ್ದರು. ಅದು ಇಸ್ಪೀಟಲ್ಲ. ರಾಕ್ಷಸರು, ಮಾಂತ್ರಿಕರು ಇರುವ ಚಿತ್ರದ ಎಲೆಗಳನ್ನು ಕೊಂಡು, ಬದಲಾಯಿಸಿಕೊಂಡು, ತನ್ನದೇ ಒಂದು ಕಟ್ಟು ಮಾಡಿಕೊಂಡು ಆಡುವ ಆಟ. ಇದನ್ನು ಹೇಳಿ ಹೇಳಿ ಮಾಧವನಿಗೆ ಸಾಕಾಗಿತ್ತು. ಈಗೀಗ ಯಾರಾದರೂ ಕೇಳಿದರೆ, ಹೌದು, ಇಸ್ಪೀಟೇ ಅನ್ನುತ್ತಿದ್ದ.

ಅಪ್ಪ ರೈಲ್ವೆ ಕೆಲಸಕ್ಕೆಂದು ಧಾರವಾಡದಿಂದ ಬಂದವರು ಇಲ್ಲೇ ತೀರಿಕೊಂಡರು. ಮಗ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಅಮೆರಿಕದವರ ಹಗಲಿಗಾಗಿ ತನ್ನ ರಾತ್ರಿಗಳನ್ನು ಸುಟ್ಟುಕೊಂಡು ಸೊರಗಿದ್ದ. ಆ 2005ರಲ್ಲಿ ಕಂಪ್ಯೂಟರಿನಿಂದ ದೇಶವೇ ಉದ್ಧಾರವಾಗುತ್ತಿತ್ತಂತೆ. ಇವನಿಗೆ ಸಿಕ್ಕಿದ್ದು ಕಣ್ಣುರಿ. ತನಗೆಂದು ಉಳಿಸಿಕೊಂಡದ್ದು ಈ ಎಲೆಗಳನ್ನಷ್ಟೇ. ದಸರೆ ಮುಗಿದ ಭಾನುವಾರ ಜಾದವ್‌ಪುರದಲ್ಲಿ ಅರ್ಹತಾ ಪಂದ್ಯಾವಳಿಯಿತ್ತು. ಗೆದ್ದವನೊಬ್ಬ ವಿಶ್ವ ಚಾಂಪಿಯನ್‌ಷಿಪ್ಪಿಗೆ ಹೋಗುತ್ತಾನೆ. ಈ ಸಲ ಆಗದಿದ್ದರೆ ಆಟಕ್ಕೇ ಕೈಮುಗಿಯುವುದೆಂದು ಮಾಧವ ಮನಸ್ಸಿನಲ್ಲೇ ನಿಶ್ಚಯಿಸಿದ್ದ. ನಿದ್ದೆಗೆಟ್ಟ ಮೈ ಇನ್ನು ತಡೆಯುವಂತಿರಲಿಲ್ಲ.

ಸಂಜೆಯ ಹೊತ್ತಿಗೆ ಹೇಗೋ ಫೈನಲ್ ಮುಟ್ಟಿದ. ಎಲೆ ಕಲೆಸುವಾಗ ಬೆರಳಿಗೆ ಏನೋ ತಡೆಯುತ್ತಿತ್ತು. ಹಬ್ಬದ ಮಿಠಾಯಿಯ ಜಿಗುಟಿರಬೇಕೆಂದು ಸುಮ್ಮನಾದ.

ಫೈನಲ್ಲಿಗೆ ಮುಂಚೆ ರೆಫರಿ ಇಬ್ಬರ ಕಟ್ಟನ್ನೂ ಪರೀಕ್ಷಿಸುವುದು ವಾಡಿಕೆ. ಆತ ಮಾಧವನ ಎಲೆಗಳ ಕೆಂಪು ಪ್ಲಾಸ್ಟಿಕ್ ಕವರುಗಳ ಬೆನ್ನ ಮೇಲೆ ಬೆರಳಾಡಿಸಿ ನಾಲ್ಕನ್ನು ಬೇರೆ ಇಟ್ಟ. ನಾಲ್ಕಕ್ಕೂ ಒಣಗಿದ ಕುಂಕುಮದ ಬೊಟ್ಟು. ಮಗುಚಿ ನೋಡಿದರೆ, ಕಟ್ಟಿನಲ್ಲೇ ಬಲವಾದ, ಥಳಥಳ ಹೊಳೆಯುವ ಎಲೆಗಳು ಅವೇ ನಾಲ್ಕು.

ಮಾಧವನಿಗೆ ತಕ್ಷಣ ಗೊತ್ತಾಯಿತು. ಆಯುಧಪೂಜೆಗೆ ಅವ್ವ ಈಳಿಗೆ, ಹೊಲಿಗೆ ಯಂತ್ರ, ಅಪ್ಪನ ಹಳೆಯ ಟಾರ್ಚಿನ ಜೊತೆಗೆ ಈ ಎಲೆಗಳನ್ನೂ ಇಟ್ಟಿದ್ದಾಳೆ. ಇಷ್ಟು ವರ್ಷ ಅವನ್ನು ಕಣ್ಣೆತ್ತಿಯೂ ನೋಡದವಳು. ಅವನು ರೆಫರಿಗೆ ಪೂಜೆಯ ವಿಷಯ ಬಿಡಿಸಿ ಹೇಳಿದ. ಆ ಬಂಗಾಳಿ ಬಾಬು, ನಮ್ಮಲ್ಲಿ ಯಂತ್ರಗಳ ಪೂಜೆ ಕಳೆದ ತಿಂಗಳೇ ವಿಶ್ವಕರ್ಮನ ಹಬ್ಬದಲ್ಲಿ ಮುಗಿಯಿತಲ್ಲ ಎಂದ. ಎಲ್ಲ ಎಲೆಗಳಿಗೂ ಬೊಟ್ಟಿದ್ದರೆ ನನ್ನ ತಕರಾರಿರಲಿಲ್ಲ, ಬಲವಾದವಕ್ಕೆ ಮಾತ್ರ ಗುರುತಿದ್ದರೆ ಅದು ಮೋಸವೆಂದೇ ಲೆಕ್ಕ ಎಂದು ಮೆಲ್ಲಗೆ ಹೇಳಿ, ಗೆಲುವನ್ನು ಎದುರಾಳಿಗೆ ಕೊಟ್ಟ. ಸಿಟ್ಟು ಮಾಡಿಕೊಳ್ಳಲೂ ಮಾಧವನಲ್ಲಿ ತ್ರಾಣವಿರಲಿಲ್ಲ. ಕಿಕ್ಕಿರಿದ ಬಸ್ಸಿನಲ್ಲಿ ನಿಂತೇ ಮನೆಗೆ ಬಂದ.

ಚನ್ನಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನಾತಪಾ?"

"ಸೋತೆ ಅವ್ವಾ. ಎದುರಿನಾಂವ ಭಾಳ ಚೊಲೋ ಆಡಿದ."

ಅವಳು ರೊಟ್ಟಿ ಬಡಿಸಿ ಎದುರಿಗೆ ಕೂತಳು. ಆಮೇಲೆ ತಪ್ಪು ತನ್ನದೇ ಎಂದಳು. ಚಿತ್ರ ಕೆಡಬಾರದೆಂದು ಹಿಂಬದಿಗೆ ಬೊಟ್ಟಿಟ್ಟೆ, ದೇವಿಗೆ ಅದು ಸರಿಬರಲಿಲ್ಲವೇನೋ ಎಂದು ಹಲುಬಿದಳು.

"ಅದೂ ಹೊಳಿಯೂವಷ್ಟಕ್ಕss ಇಟ್ಟೆ. ಉಳಿದಾವೇನು ಪಾಪ ಮಾಡಿದ್ವು? ಮುಂದಿನ ವರ್ಷ ಎಲ್ಲಾಕ್ಕೂ ಇಡತೀನಿ."

ಆಟ ಬಿಟ್ಟೆನೆಂದು ಹೇಳಲು ಬಾಯಿ ತೆರೆದ ಮಾಧವ ನೀರು ಕುಡಿದ.

"ಇಡವಾ," ಅಂದ. "ಒಂದೂ ಬಿಡಬ್ಯಾಡ."